ಮುರಿದದ್ದು ಮಂಡಿ ಚಿಪ್ಪು, ಹರಿದದ್ದು ಹಗ್ಗ

ಧನುರ್ಮಾಸದ ಒಂದು ಬೆಳಿಗ್ಗೆ. ಚಿಕ್ಕಮ್ಮ ಅಂಗಳಕ್ಕೆ ನೀರು ಹಾಕಿ, ರಂಗೋಲಿ ಡಬ್ಬಿ ತರಲು ಒಳಗೆ ತಿರುಗಿದರು. ಹೊಸ್ತಿಲ ಹತ್ತಿರ ಒದ್ದೆ ಕಡಪಾ ಕಲ್ಲು. ಜಾರಿ ಬಿದ್ದದ್ದು ನೇರವಾಗಿ ಬಲಮಂಡಿಯ ಮೇಲೆ. ಎತ್ತರದಿಂದೇನೂ ಅಲ್ಲ, ನಿಂತಲ್ಲೇ. ಆದರೂ ಅರ್ಧ ಗಂಟೆಯಲ್ಲಿ ಮಂಡಿ ತೆಂಗಿನಕಾಯಿ ಗಾತ್ರಕ್ಕೆ ಊದಿಕೊಂಡಿತು.

ಹತ್ತಿರದ ಕ್ಲಿನಿಕ್‌ನಲ್ಲಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ನೋವಿನ ಮಾತ್ರೆ ಕೊಟ್ಟು, "ಊತ ಅಷ್ಟೇ, ನಾಲ್ಕು ದಿನ ರೆಸ್ಟ್ ತಗೊಳ್ಳಿ" ಅಂದರು. ಎಕ್ಸ್‌ರೇ ಬರೆಯಲಿಲ್ಲ. ಗೋಡೆ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದು ಒಳಗೆ ಬಂದಿದ್ದರಲ್ಲ, ಮುರಿದಿದ್ದರೆ ನಡೆಯೋಕೆ ಆಗುತ್ತಾ ಅನ್ನೋದು ಅವರ ಲೆಕ್ಕ. ನಮ್ಮದೂ ಅದೇ ಲೆಕ್ಕ, ಸುಳ್ಳು ಹೇಳಬಾರದು.

ಮೂರನೇ ದಿನ ಹಾಸನದಲ್ಲಿ ಮೂಳೆ ಡಾಕ್ಟರಿಗೆ ತೋರಿಸಿದೆವು. ಅವರು ಎಕ್ಸ್‌ರೇಗೆ ಕಳಿಸುವ ಮೊದಲೇ ಚಿಕ್ಕಮ್ಮನನ್ನು ಅಂಗಾತ ಮಲಗಿಸಿ, "ಅಮ್ಮಾ, ಮಂಡಿ ಬಗ್ಗಿಸದೆ ಕಾಲು ಹಾಗೇ ಮೇಲಕ್ಕೆ ಎತ್ತಿ ನೋಡೋಣ" ಅಂದರು. ಚಿಕ್ಕಮ್ಮ ಉಸಿರು ಬಿಗಿಹಿಡಿದು ಪ್ರಯತ್ನಿಸಿದರು. ತೊಡೆ ನಡುಗಿತು. ಹಿಮ್ಮಡಿ ಮಾತ್ರ ಹಾಸಿಗೆಯಿಂದ ಒಂದು ಬೆರಳಷ್ಟೂ ಏಳಲಿಲ್ಲ.

"ಆಗ್ತಿಲ್ಲ ಡಾಕ್ಟ್ರೇ. ಕಾಲು ನಂದಲ್ಲವೇನೋ ಅನ್ನೋ ಹಾಗಿದೆ."

"ಸರಿ, ಬಿಡಿ ಅಮ್ಮಾ" ಅಂದರು. ಆಪರೇಷನ್ ಬೇಕಾಗಬಹುದು ಎಂದು ಅವರಿಗೆ ಆ ಕ್ಷಣವೇ ಅನಿಸಿತ್ತಂತೆ. ಯಾಕೆ ಅನ್ನೋದು ಅರ್ಥವಾಗಲು ನನಗೆ ಒಂದಷ್ಟು ದಿನ ಹಿಡಿಯಿತು. ಅದು ಅರ್ಥವಾದರೆ ಮುಂದಿನ ತಂತಿ, ಬ್ರೇಸ್, ವ್ಯಾಯಾಮ ಎಲ್ಲವೂ ತಾನಾಗೇ ಅರ್ಥವಾಗುತ್ತೆ.

ಮುಚ್ಚಳ ಅಲ್ಲ, ಸನ್ನೆಕೋಲು

ಮಂಡಿ ಚಿಪ್ಪು ಅಂದರೆ ಕೀಲಿನ ಮುಂದೆ ರಕ್ಷಣೆಗೆ ಇಟ್ಟ ಮುಚ್ಚಳ ಅಂತ ಬಹಳ ಜನ ತಿಳಿದಿರುತ್ತಾರೆ. ಹೆಸರೂ ಹಾಗೇ ಇದೆ. ಆದರೆ ಅದರ ಮುಖ್ಯ ಕೆಲಸ ಅದಲ್ಲ.

ತೊಡೆಯ ಮುಂಭಾಗದಲ್ಲಿ ಕ್ವಾಡ್ರಿಸೆಪ್ಸ್ ಅನ್ನೋ ದೊಡ್ಡ ಸ್ನಾಯು ಇದೆ. ಅದು ಕೆಳಗೆ ಬರುತ್ತಾ ಒಂದು ಗಟ್ಟಿ ಹಗ್ಗವಾಗುತ್ತೆ. ಹಗ್ಗ ಚಿಪ್ಪಿನ ಮೇಲಂಚಿಗೆ ಅಂಟಿಕೊಳ್ಳುತ್ತೆ. ಚಿಪ್ಪಿನ ಕೆಳಗಿನ ತುದಿಯಿಂದ ಇನ್ನೊಂದು ಹಗ್ಗ ಹೊರಟು ಕಣಕಾಲಿನ ಮೂಳೆಯ ಮುಂದಿರುವ ಗುಬುಟಿಗೆ ಹೋಗಿ ಸೇರುತ್ತೆ. ಮಂಡಿಯ ಕೆಳಗೆ ಕೈಯಾಡಿಸಿದರೆ ಆ ಗುಬುಟು ಸಿಗುತ್ತೆ, ಮುಟ್ಟಿ ನೋಡಿ. ತೊಡೆ ಸ್ನಾಯು ಬಿಗಿಯಾದರೆ ಹಗ್ಗ ಮೇಲಕ್ಕೆ ಎಳೆಯುತ್ತೆ, ಕಾಲು ನೇರ ಆಗುತ್ತೆ. ಕುರ್ಚಿಯಿಂದ ಏಳೋದು, ಮೆಟ್ಟಿಲು ಹತ್ತೋದು, ಬಸ್ಸಿನಿಂದ ಇಳಿಯುವಾಗ ಮಂಡಿ ಕುಸಿಯದಂತೆ ತಡೆಯೋದು, ಎಲ್ಲಕ್ಕೂ ಇದೇ ಹಗ್ಗ ಬೇಕು. ಚಿಪ್ಪು ಇರೋದು ಈ ಹಗ್ಗದ ನಡುವೆ.

ಹಗ್ಗದ ನಡುವೆ ಮೂಳೆ ಯಾಕೆ ಬೇಕಿತ್ತು? ಬಾಗಿಲನ್ನು ಹಿಡಿಯ ಹತ್ತಿರ ತಳ್ಳಿದರೆ ಒಂದು ಬೆರಳು ಸಾಕು. ಕೀಲಿನ ಹತ್ತಿರ ತಳ್ಳಿದರೆ ಎರಡು ಕೈ ಹಾಕಿದರೂ ಕಷ್ಟ. ಚಿಪ್ಪು ಹಗ್ಗವನ್ನು ಮಂಡಿಯ ಕೀಲಿನಿಂದ ಸ್ವಲ್ಪ ಮುಂದಕ್ಕೆ ಎತ್ತಿ ಹಿಡಿಯುತ್ತೆ. ಸನ್ನೆಕೋಲಿನ ಲೆಕ್ಕ ಇದೇ. ಅಷ್ಟರಿಂದಲೇ ಅದೇ ಸ್ನಾಯುವಿನ ಎಳೆತಕ್ಕೆ ಸುಮಾರು 30 ಶೇಕಡಾದಷ್ಟು ಜಾಸ್ತಿ ಬಲ ಸಿಗುತ್ತೆ.

ಹಗ್ಗದೊಳಗೆ ಹುದುಗಿರುವ ಇಂಥ ಮೂಳೆಗಳಿಗೆ ಸೆಸಮಾಯ್ಡ್ ಅನ್ನುತ್ತಾರೆ. ಅಂದರೆ ಎಳ್ಳಿನಂಥದ್ದು. ಹೆಬ್ಬೆಟ್ಟಿನ ಬುಡದಲ್ಲಿ, ಕಾಲಿನ ಹೆಬ್ಬೆರಳ ಕೆಳಗೆ ನಿಜಕ್ಕೂ ಕಾಳಿನ ಗಾತ್ರದವು ಇವೆ. ಮಂಡಿ ಚಿಪ್ಪು ದೇಹದಲ್ಲೇ ಅತಿ ದೊಡ್ಡ ಎಳ್ಳು! ಅದರ ಹಿಂಬದಿಗೆ ಕಾರ್ಟಿಲೇಜ್, ಅಂದರೆ ಮೆದುಮೂಳೆಯ ನುಣುಪಾದ ಹೊದಿಕೆ ಇದೆ. ದೇಹದ ಬೇರೆ ಯಾವ ಕೀಲಿನಲ್ಲೂ ಇಷ್ಟು ದಪ್ಪ ಇಲ್ಲ. ಅಷ್ಟು ದಪ್ಪ ಬೇಕೂ ಹೌದು. ಸಮತಟ್ಟು ನೆಲದಲ್ಲಿ ನಡೆಯುವಾಗ ಚಿಪ್ಪಿನ ಹಿಂದೆ ಬೀಳುವ ಒತ್ತಡ ನಮ್ಮ ತೂಕದ ಅರ್ಧದಷ್ಟು. ಮೆಟ್ಟಿಲು ಹತ್ತುವಾಗ ಅದು ತೂಕದ ಮೂರು ಪಟ್ಟು ದಾಟುತ್ತೆ. ಪೂರ್ತಿ ಕುಕ್ಕರುಗಾಲಲ್ಲಿ ಕೂತು ಎದ್ದರೆ ಏಳು ಪಟ್ಟಿನ ಆಸುಪಾಸು. ಈ ಮೂರು ಅಂಕಿ ನೆನಪಿಟ್ಟುಕೊಳ್ಳಿ, ಚೇತರಿಕೆಯ ಮಾತು ಬಂದಾಗ ಬೇಕಾಗುತ್ತವೆ.

ಈಗ ಚಿಪ್ಪು ಅಡ್ಡಲಾಗಿ ಎರಡು ತುಂಡಾಯಿತು ಅಂದುಕೊಳ್ಳಿ. ಮುರಿದದ್ದು ಮೂಳೆ, ನಿಜ. ಆದರೆ ಕಡಿದದ್ದು ಹಗ್ಗ. ತೊಡೆ ಸ್ನಾಯು ಮೇಲಿನ ತುಂಡನ್ನು ತನ್ನ ಕಡೆ ಎಳೆದುಕೊಂಡು ಹೋಗುತ್ತೆ. ಕೆಳಗಿನ ತುಂಡು ಅಲ್ಲೇ ಉಳಿಯುತ್ತೆ. ಚಿಕ್ಕಮ್ಮನ ಹಿಮ್ಮಡಿ ಏಳದೆ ಇದ್ದದ್ದು ಇದಕ್ಕೇ. ರಾಟೆಗೆ ಹಾಕಿದ ಹಗ್ಗ ನಡುವೆ ತುಂಡಾದ ಮೇಲೆ ಎಷ್ಟು ಜಗ್ಗಿದರೂ ಬಿಂದಿಗೆ ಮೇಲೆ ಬರಲ್ಲ. ನಡೆದದ್ದು ಹೇಗೆ ಅಂದರೆ, ಮಂಡಿಯನ್ನು ಕೋಲಿನ ಹಾಗೆ ನೇರ ಇಟ್ಟುಕೊಂಡು, ಕಾಲು ಎಳೆದುಕೊಂಡು. ಅಷ್ಟು ನಡಿಗೆಗೆ ಚಿಪ್ಪು ಬೇಕಿಲ್ಲ. ಆದ್ದರಿಂದ "ನಡೆದರು, ಮುರಿದಿಲ್ಲ" ಅನ್ನೋ ಲೆಕ್ಕ ಮಂಡಿಯ ವಿಷಯದಲ್ಲಿ ನಡೆಯಲ್ಲ.

ಎಲ್ಲ ಬಿರುಕಿಗೂ ಚಾಕು ಬೇಡ

ಚಿಪ್ಪು ಮುರಿಯೋದು ಮುಖ್ಯವಾಗಿ ಎರಡು ಬಗೆಯಲ್ಲಿ. ಒಂದು ನೇರ ಪೆಟ್ಟು. ಬಿದ್ದಾಗ ನೆಲ, ಅಪಘಾತದಲ್ಲಿ ಕಾರಿನ ಡ್ಯಾಶ್‌ಬೋರ್ಡ್, ಸ್ಕೂಟರ್‌ನಿಂದ ಹಾರಿದಾಗ ರಸ್ತೆ. ಚಿಪ್ಪಿನ ಮುಂದೆ ಇರೋದು ಚರ್ಮ ಮಾತ್ರ, ಮಾಂಸದ ಮೆತ್ತೆ ಇಲ್ಲ. ಹಾಗಾಗಿ ಪೆಟ್ಟು ಜೋರಾದರೆ ತೆಂಗಿನ ಚಿಪ್ಪನ್ನು ಕಲ್ಲಿಗೆ ಕುಕ್ಕಿದ ಹಾಗೆ ಹಲವು ಚೂರಾಗುತ್ತೆ. ಇನ್ನೊಂದು ಸ್ನಾಯುವಿನ ಎಳೆತ. ಮೆಟ್ಟಿಲು ತಪ್ಪಿ ಕಾಲು ಮಡಚುವಾಗ ತೊಡೆ ಸ್ನಾಯು ಬೀಳದಂತೆ ತಡೆಯಲು ಜೋರಾಗಿ ಜಗ್ಗುತ್ತೆ, ಚಿಪ್ಪು ನಡುವೆ ಅಡ್ಡಕ್ಕೆ ತುಂಡಾಗುತ್ತೆ. ನಿಜದಲ್ಲಿ ಎರಡೂ ಒಟ್ಟಿಗೆ ಆಗೋದೇ ಹೆಚ್ಚು. ಚಿಕ್ಕಮ್ಮನ ಎಕ್ಸ್‌ರೇಯಲ್ಲಿ ಎರಡು ದೊಡ್ಡ ತುಂಡು, ಕೆಳಗೆ ಒಂದು ಸಣ್ಣ ಚೂರು. ನಡುವಿನ ಸಂದಿನಲ್ಲಿ ನನ್ನ ಹೆಬ್ಬೆರಳು ಹಿಡಿಸುತ್ತಿತ್ತು.

ಪಕ್ಕದಿಂದ ತೆಗೆದ ಎಕ್ಸ್‌ರೇಯಲ್ಲೇ ಇದು ಚೆನ್ನಾಗಿ ಕಾಣೋದು. ಮುಂದಿನಿಂದ ತೆಗೆದದ್ದರಲ್ಲಿ ಹಿಂದಿರುವ ತೊಡೆಮೂಳೆಯ ನೆರಳು ಬಿದ್ದು ಚಿಪ್ಪು ಮಸುಕಾಗುತ್ತೆ. ಚೂರು ಜಾಸ್ತಿ ಇದ್ದರೆ ಸಿಟಿ ಸ್ಕ್ಯಾನ್ ಮಾಡಿಸುತ್ತಾರೆ.

ಇಲ್ಲೊಂದು ತಮಾಷೆಯ ಎಡವಟ್ಟು ಇದೆ. ಹುಟ್ಟುವಾಗ ಮಗುವಿನ ಮಂಡಿ ಚಿಪ್ಪು ಬರೀ ಮೆದುಮೂಳೆ. ಅದು ಮೂಳೆಯಾಗಲು ಶುರುವಾಗೋದು ಮೂರು ವರ್ಷದ ನಂತರ. ನೂರಕ್ಕೆ ಒಂದಿಬ್ಬರಲ್ಲಿ ಮೇಲಿನ ಹೊರ ಮೂಲೆಯ ಒಂದು ತುಂಡು ಉಳಿದದ್ದರ ಜೊತೆ ಕೂಡಿಕೊಳ್ಳದೆ ಹಾಗೇ ಉಳಿದುಬಿಡುತ್ತೆ. ತೊಂದರೆ ಏನಿಲ್ಲ. ಆದರೆ ಯಾವತ್ತೋ ಬಿದ್ದು ಎಕ್ಸ್‌ರೇ ತೆಗೆಸಿದಾಗ ಮುರಿತದ ಹಾಗೇ ಕಾಣುತ್ತೆ. ಅಂಚು ನುಣುಪಾಗಿದೆಯಾ, ಆ ಮೂಲೆಯಲ್ಲೇ ಇದೆಯಾ ಎಂದು ನೋಡುತ್ತಾರೆ. ಅನುಮಾನ ಬಂದರೆ ಇನ್ನೊಂದು ಮಂಡಿಯದ್ದೂ ಎಕ್ಸ್‌ರೇ ತೆಗೆಯುತ್ತಾರೆ, ಎಷ್ಟೋ ಸಲ ಅಲ್ಲೂ ಅದೇ ಇರುತ್ತೆ.

ಆಪರೇಷನ್ ಬೇಕೋ ಬೇಡವೋ ಅನ್ನೋದು ಎರಡು ಪ್ರಶ್ನೆಯ ಮೇಲೆ ನಿಂತಿದೆ. ಕಾಲು ನೇರವಾಗಿ ಎತ್ತೋಕೆ ಬರುತ್ತಾ? ತುಂಡುಗಳು ಎಷ್ಟು ದೂರ ಸರಿದಿವೆ? ಚಿಪ್ಪಿನ ಎರಡೂ ಪಕ್ಕದಲ್ಲಿ ಬಟ್ಟೆಯಂಥ ಗಟ್ಟಿ ಪೊರೆ ಇರುತ್ತೆ. ಅದು ಹರಿಯದೆ ಇದ್ದರೆ ಚಿಪ್ಪು ಬಿರುಕುಬಿಟ್ಟರೂ ಪೊರೆಯೇ ಹಗ್ಗದ ಕೆಲಸ ಮಾಡಿ ಕಾಲು ಎತ್ತಿಸುತ್ತೆ. ಕಾಲು ಎತ್ತೋಕೆ ಬಂದು, ತುಂಡುಗಳ ಸಂದು 3 ಮಿಲಿಮೀಟರ್ ಒಳಗಿದ್ದು, ಹಿಂಬದಿಯ ನುಣುಪು ಮೈಯಲ್ಲಿ ಮೇಲೆಕೆಳಗಿನ ಮೆಟ್ಟಿಲು 2 ಮಿಲಿಮೀಟರ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಚಾಕು ಬೇಡ. ಕಾಲನ್ನು ನೇರ ಇರಿಸಿ ನಾಲ್ಕರಿಂದ ಆರು ವಾರ ಬ್ರೇಸ್ ಅಥವಾ ಪ್ಲಾಸ್ಟರ್. ಉದ್ದಕ್ಕೆ ಬಿರುಕು ಬಿಟ್ಟವು ಬಹುಪಾಲು ಹೀಗೇ ವಾಸಿಯಾಗುತ್ತವೆ, ಯಾಕಂದರೆ ಹಗ್ಗದ ಎಳೆತ ಆ ಬಿರುಕನ್ನು ತೆರೆಯಲ್ಲ.

ನೋವಿಗೇ ಕಾಲು ಎತ್ತೋಕಾಗದೆ ಇರಬಹುದಲ್ವಾ ಅಂತ ನಾನು ಕೇಳಿದೆ. ಇರಬಹುದು. ಅನುಮಾನ ಇದ್ದರೆ ಕೀಲಿನೊಳಗೆ ತುಂಬಿದ ರಕ್ತವನ್ನು ಸೂಜಿಯಿಂದ ತೆಗೆದು, ಅಲ್ಲೇ ಮರಗಟ್ಟುವ ಔಷಧಿ ಕೊಟ್ಟು ಮತ್ತೆ ಎತ್ತಿಸಿ ನೋಡುತ್ತಾರೆ. ಆಗಲೂ ಬರದಿದ್ದರೆ ಹಗ್ಗ ಕಡಿದಿದೆ ಎಂದೇ ಅರ್ಥ.

ನಮ್ಮ ಮನೆಯಲ್ಲಿ ಆಗ ಒಂದು ಸಣ್ಣ ಯುದ್ಧವೇ ಆಯಿತು. ಪುತ್ತೂರು ಕಟ್ಟು ಹಾಕಿಸೋಣ ಅಂದರು ಚಿಕ್ಕಪ್ಪ. ಅವರ ಗೆಳೆಯರ ಕೈ ಅದರಿಂದಲೇ ಕೂಡಿತ್ತಂತೆ. ಕೂಡಿರಬಹುದು. ಜಾಗ ಬಿಟ್ಟು ಸರಿಯದ ಮೂಳೆ ಅಲುಗಾಡದಂತೆ ಇಟ್ಟರೆ ತಾನಾಗಿ ಕೂಡುತ್ತೆ. ಆದರೆ ಇಲ್ಲಿ ದೇಹದ ಅತಿ ಬಲವಾದ ಸ್ನಾಯುಗಳಲ್ಲೊಂದು ಮೇಲಿನ ತುಂಡನ್ನು ಹಗಲೂ ರಾತ್ರಿ ಎಳೆಯುತ್ತಿದೆ. ಹೊರಗಿನಿಂದ ಎಷ್ಟು ಬಿಗಿಯಾಗಿ ಕಟ್ಟಿದರೂ ಆ ಎಳೆತವನ್ನು ಮೀರಿ ಎರಡು ತುಂಡನ್ನು ಒಂದಕ್ಕೊಂದು ಒತ್ತಿ ಹಿಡಿಯಲು ಬಟ್ಟೆಗೂ ಬಿದಿರು ದಬ್ಬೆಗೂ ಆಗಲ್ಲ. ಪ್ಲಾಸ್ಟರ್‌ಗೂ ಆಗಲ್ಲ, ಅದು ಬೇರೆ ಮಾತು. ಸಂದಿನಲ್ಲಿ ನಾರಿನಂಥ ಅಂಗಾಂಶ ತುಂಬಿಕೊಂಡು, ಕಾಲು ಪೂರ್ತಿ ನೇರವಾಗದೆ, ಮೆಟ್ಟಿಲಲ್ಲಿ ಮಂಡಿ ಕುಸಿಯುತ್ತಾ ಜೀವನ ಕಳೆಯಬೇಕಾಗುತ್ತೆ. ಚಿಕ್ಕಪ್ಪನಿಗೆ ಎಕ್ಸ್‌ರೇಯ ಸಂದು ತೋರಿಸಿದ ಮೇಲೆ ಸುಮ್ಮನಾದರು.

ಬೆಳ್ಳಿ ತಂತಿಯಿಂದ ಶುರುವಾದದ್ದು

ಹಿಂದಿನ ಕಾಲದಲ್ಲಿ ಎಲ್ಲರಿಗೂ ಇದೇ ಗತಿ. ಕೀಲು ತೆರೆದರೆ ಕೀವಾಗಿ ಕಾಲು ಹೋಗುತ್ತೆ, ಇಲ್ಲವೇ ಜೀವ ಹೋಗುತ್ತೆ ಎಂದು ಸರ್ಜನ್‌ಗಳು ಮುಟ್ಟುತ್ತಿರಲಿಲ್ಲ. 1877ರ ಅಕ್ಟೋಬರ್‌ನಲ್ಲಿ ಜೋಸೆಫ್ ಲಿಸ್ಟರ್ ಎಂಬ ಬ್ರಿಟಿಷ್ ಸರ್ಜನ್ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯಲ್ಲಿ ಕಾರ್ಬಾಲಿಕ್ ಆಮ್ಲದಿಂದ ಎಲ್ಲವನ್ನೂ ಶುದ್ಧ ಮಾಡಿಕೊಂಡು ಒಬ್ಬ ರೋಗಿಯ ಮಂಡಿ ತೆರೆದರು. ಎರಡು ತುಂಡನ್ನು ಬೆಳ್ಳಿ ತಂತಿಯಿಂದ ಕಟ್ಟಿದರು. ರೋಗಿ ಸತ್ತರೆ ಈ ಮನುಷ್ಯನ ಮೇಲೆ ಕೇಸು ಹಾಕಬೇಕು ಎಂದು ಅಲ್ಲಿನ ಒಬ್ಬ ವೈದ್ಯರು ಗೊಣಗಿದರು ಎಂಬ ಮಾತು ಉಳಿದುಬಂದಿದೆ. ರೋಗಿ ಸಾಯಲಿಲ್ಲ, ಚೇತರಿಸಿಕೊಂಡ. ಅದೇ ವರ್ಷ ಗ್ಲಾಸ್ಗೋದಲ್ಲಿ ಲಿಸ್ಟರ್ ಶಿಷ್ಯ ಹೆಕ್ಟರ್ ಕ್ಯಾಮರನ್ ಕೂಡ ಇಂಥದ್ದೇ ಆಪರೇಷನ್ ಮಾಡಿದ್ದರು. ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಅಂದರೆ ಇವರೆಲ್ಲ ಮುರಿತವನ್ನು ಬರೀ ಬೆರಳಲ್ಲಿ ಮುಟ್ಟಿ ಗುರುತಿಸಿದವರು.

ನಡುವೆ ಒಂದು ದಾರಿ ತಪ್ಪಿದ ಕಾಲವೂ ಇತ್ತು. 1937ರಲ್ಲಿ ಇಂಗ್ಲೆಂಡಿನಲ್ಲಿದ್ದ ಬ್ರೂಕ್ ಎಂಬ ಸರ್ಜನ್ ಚಿಪ್ಪು ಬೇಡವೇ ಬೇಡ, ತೆಗೆದುಹಾಕಿದರೆ ಮಂಡಿ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತೆ ಎಂದು ಬರೆದರು. ಮುರಿದ ಚಿಪ್ಪನ್ನು ಪೂರ್ತಿ ತೆಗೆಯೋದು ಎಷ್ಟೋ ವರ್ಷ ನಡೆಯಿತು. ಆಮೇಲೆ ಅಳೆದು ನೋಡಿದಾಗ ಸನ್ನೆಕೋಲಿನ ಲೆಕ್ಕ ಹೊರಬಿತ್ತು. ಚಿಪ್ಪು ಹೋದರೆ ಬಲ ಹೋಗುತ್ತೆ. ಈಗ ಚೂರು ಚೂರಾಗಿ ಬೇರೆ ದಾರಿಯೇ ಇಲ್ಲ ಅನ್ನುವಾಗ ಮಾತ್ರ ಪೂರ್ತಿ ತೆಗೆಯುತ್ತಾರೆ. ಕೆಳಗಿನ ತುದಿ ಮಾತ್ರ ಪುಡಿಯಾಗಿದ್ದರೆ ಆ ಪುಡಿ ತೆಗೆದು ಹಗ್ಗವನ್ನು ಉಳಿದ ಚಿಪ್ಪಿಗೆ ಹೊಲಿಯುತ್ತಾರೆ.

ತಂತಿ ಕಟ್ಟುವ ಜಾಣತನ

ಚಿಕ್ಕಮ್ಮನಿಗೆ ಮಾಡಿದ್ದು ಟೆನ್ಷನ್ ಬ್ಯಾಂಡ್ ವೈರಿಂಗ್. ಇವತ್ತಿಗೂ ಅಡ್ಡ ಮುರಿತಕ್ಕೆ ತುಂಬಾ ಬಳಕೆಯಲ್ಲಿರುವ ವಿಧಾನ. ಹಿಂದಿರುವ ಯೋಚನೆ ಸೊಗಸಾಗಿದೆ, ಅದಕ್ಕೇ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಒಂದು ಸೌತೆಕಾಯಿ ತಗೊಂಡು ಬಗ್ಗಿಸಿ. ಹೊರಬದಿ ಬಿರಿಯುತ್ತೆ, ಒಳಬದಿ ಒತ್ತಿಕೊಳ್ಳುತ್ತೆ. ಮಂಡಿ ಬಗ್ಗಿಸಿದಾಗ ಮುರಿದ ಚಿಪ್ಪಿಗೆ ಆಗೋದೂ ಇದೇ. ಮುಂಬದಿಯ ಸಂದು ಬಾಯಿ ಬಿಡುತ್ತೆ. ಈಗ ಆ ಮುಂಬದಿಗೆ, ಬಾಯಿ ಬಿಡುವ ಬದಿಗೆ, ಬಿಗಿಯಾಗಿ ತಂತಿ ಕಟ್ಟಿಬಿಟ್ಟರೆ? ಸಂದು ತೆರೆಯೋಕಾಗಲ್ಲ. ಎಳೆತ ಹೋಗೋದೆಲ್ಲಿಗೆ? ಹಿಂಬದಿಯಲ್ಲಿ ಎರಡು ತುಂಡನ್ನು ಒಂದಕ್ಕೊಂದು ಒತ್ತುತ್ತೆ. ಅಂದರೆ ಮೂಳೆಯನ್ನು ಬೇರೆ ಮಾಡುತ್ತಿದ್ದ ಬಲವೇ ಈಗ ಮೂಳೆಯನ್ನು ಕೂಡಿಸುತ್ತೆ. ಕಳ್ಳನ ಕೈಗೇ ಬೀಗದ ಕೈ ಕೊಟ್ಟು ಕಾವಲಿಗೆ ನಿಲ್ಲಿಸಿದ ಹಾಗೆ! ಎಂಜಿನಿಯರಿಂಗ್‌ನ ಈ ತತ್ವವನ್ನು ಮೂಳೆಗೆ ತಂದವರು ಜರ್ಮನಿಯ ಫ್ರೀಡ್ರಿಶ್ ಪೌವೆಲ್ಸ್. 1958ರಲ್ಲಿ ಸ್ವಿಟ್ಜರ್ಲೆಂಡ್‌ನ ಸರ್ಜನ್‌ಗಳು ಕಟ್ಟಿದ ಎಒ ಎಂಬ ಸಂಘಟನೆ ಅದನ್ನು ಎಲ್ಲೆಡೆ ಹಬ್ಬಿಸಿತು. ಪ್ರಯೋಗಾಲಯದಲ್ಲಿ ಅಳೆದರೆ ಪುಸ್ತಕದಲ್ಲಿ ಬರೆದಷ್ಟು ಅಚ್ಚುಕಟ್ಟಾಗಿ ಇದು ನಡೆಯಲ್ಲ ಎಂಬ ಚರ್ಚೆ ಸರ್ಜನ್‌ಗಳಲ್ಲಿ ಇದೆ. ಆದರೂ ವಿಧಾನ ಉಳಿದುಕೊಂಡಿದೆ.

ಆಪರೇಷನ್ ಥಿಯೇಟರ್‌ನಲ್ಲಿ ನಡೆಯೋದು ಹೀಗೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸುತ್ತಾರೆ. ರಕ್ತ ಜಾಸ್ತಿ ಹೋಗದಂತೆ ತೊಡೆಗೆ ಗಾಳಿ ತುಂಬುವ ಪಟ್ಟಿ ಬಿಗಿಯುತ್ತಾರೆ. ಮಂಡಿಯ ಮುಂದೆ ಉದ್ದಕ್ಕೆ ಒಂದು ಗಾಯ. ಹೆಪ್ಪುಗಟ್ಟಿದ ರಕ್ತ ತೊಳೆದು, ಎರಡು ತುಂಡನ್ನು ಚೂಪು ತುದಿಯ ದೊಡ್ಡ ಇಕ್ಕಳದಿಂದ ಜೋಡಿಸಿ ಹಿಡಿಯುತ್ತಾರೆ. ಮುಖ್ಯವಾದದ್ದು ಹಿಂಬದಿಯ ನುಣುಪು ಮೈ. ಅಲ್ಲಿ ಮೆಟ್ಟಿಲು ಉಳಿದರೆ ಮುಂದೆ ಪ್ರತಿ ಸಲ ಕಾಲು ಬಗ್ಗಿಸಿದಾಗಲೂ ಉಜ್ಜುತ್ತೆ. ಅದಕ್ಕೆ ಪೊರೆಯ ಹರುಕಿನಿಂದ ಬೆರಳು ಒಳಗೆ ತೂರಿಸಿ ಸವರಿ ನೋಡುತ್ತಾರೆ, ಸಿ-ಆರ್ಮ್ ಅನ್ನೋ, ಆಪರೇಷನ್ ನಡೆಯುವಾಗಲೇ ಪರದೆಯಲ್ಲಿ ಕಾಣುವ ಎಕ್ಸ್‌ರೇಯಲ್ಲೂ ನೋಡುತ್ತಾರೆ. ಆಮೇಲೆ ಮೇಲಿನಿಂದ ಕೆಳಕ್ಕೆ ಎರಡು ಉಕ್ಕಿನ ಕಡ್ಡಿ, ಒಂದರ ಪಕ್ಕ ಒಂದು, ಡ್ರಿಲ್‌ನಿಂದ ಕೊರೆದು ತೂರಿಸುತ್ತಾರೆ. ಒಂದೂವರೆ, ಎರಡು ಮಿಲಿಮೀಟರ್ ದಪ್ಪ. ಕಿರ್ಷ್‌ನರ್ ಎಂಬ ಜರ್ಮನ್ ಸರ್ಜನ್ 1909ರಲ್ಲಿ ಬಳಕೆಗೆ ತಂದದ್ದರಿಂದ ಕೆ-ವೈರ್ ಅನ್ನುತ್ತಾರೆ. ಆ ಕಡ್ಡಿಗಳ ತುದಿಯ ಹಿಂದಿನಿಂದ ತೆಳು ತಂತಿಯನ್ನು ಸುತ್ತಿ, ಚಿಪ್ಪಿನ ಮುಂದೆ 8 ಅಂಕಿಯ ಆಕಾರದಲ್ಲಿ ಹಾಯಿಸಿ, ತುದಿಗಳನ್ನು ಇಕ್ಕಳದಿಂದ ಹೊಸೆದು ಬಿಗಿಯುತ್ತಾರೆ. ಕೊನೆಗೆ ಪಕ್ಕದ ಪೊರೆಗಳನ್ನು ಹೊಲಿಯುತ್ತಾರೆ. ಈ ಹೊಲಿಗೆಗೆ ಯಾರೂ ಹೆಸರು ಕೊಡಲ್ಲ. ಆದರೆ ಹಗ್ಗದ ಅರ್ಧ ಬಲ ಅಲ್ಲೇ ಇರೋದು ಅಂತ ಡಾಕ್ಟರು ಅಂದರು. ಒಟ್ಟು ಒಂದು, ಒಂದೂವರೆ ಗಂಟೆ.

ಕಡ್ಡಿಯ ಬದಲು ನಡುವೆ ತೂತಿರುವ ಸ್ಕ್ರೂ ಹಾಕಿ ಅದರೊಳಗಿಂದ ತಂತಿ ತೂರಿಸುವ ವಿಧಾನವೂ ಇದೆ. ಚೂರು ಜಾಸ್ತಿ ಇದ್ದರೆ ಸುತ್ತ ತಂತಿ ಬಳೆಯ ಹಾಗೆ ಬಿಗಿಯುತ್ತಾರೆ, ಇಲ್ಲವೇ ತೆಳುವಾದ ಪ್ಲೇಟ್ ಹಾಕುತ್ತಾರೆ. ಯಾವುದು ಅನ್ನೋದು ಮುರಿತ ನೋಡಿ ತೀರ್ಮಾನ. ಗಾಯ ತೆರೆದುಕೊಂಡು ಮೂಳೆ ಹೊರಗಿನ ಗಾಳಿಗೆ ಬಿದ್ದಿದ್ದರೆ ತಕ್ಷಣ ತೊಳೆಯಬೇಕು, ಕಾಯುವಂತಿಲ್ಲ. ಇಲ್ಲದಿದ್ದರೆ ಊತ, ಸಕ್ಕರೆ, ಬಿಪಿ ನೋಡಿಕೊಂಡು ಕೆಲವು ದಿನದೊಳಗೆ ಮಾಡುತ್ತಾರೆ.

ತೊಡೆ ನಿದ್ದೆ ಹೋಗುತ್ತೆ

ಆಪರೇಷನ್ ಆದ ಮರುದಿನ ಫಿಸಿಯೋಥೆರಪಿಯ ಹುಡುಗಿ ಬಂದಾಗ ನಾವೆಲ್ಲ ಗಾಬರಿ. ಇನ್ನೂ ಡ್ರೆಸ್ಸಿಂಗ್ ಒಣಗಿಲ್ಲ, ಇವಳೇನು ವ್ಯಾಯಾಮ ಅಂತಾಳೆ? ಅವಳು ಒಂದು ಟವೆಲ್ ಸುತ್ತಿ ಚಿಕ್ಕಮ್ಮನ ಮಂಡಿ ಕೆಳಗೆ ಇಟ್ಟಳು. "ಆಂಟಿ, ಈ ಟವೆಲ್‌ನ ಮಂಡಿಯಿಂದ ಕೆಳಕ್ಕೆ ಒತ್ತಿ. ಐದು ಎಣಿಸಿ. ಬಿಡಿ." ಅಷ್ಟೇ. ಚಿಕ್ಕಮ್ಮ ಹಲ್ಲು ಕಚ್ಚಿ ಒತ್ತಿದರು. ಏನೂ ಆಗಲಿಲ್ಲ. ತೊಡೆಯ ಮೇಲೆ ಕೈಯಿಟ್ಟು ನೋಡಿದರೆ ಹಸಿ ಮೈದಾ ಹಿಟ್ಟಿನ ಹಾಗೆ ಮೆತ್ತಗಿತ್ತು.

ಮಂಡಿಯೊಳಗೆ ನೀರು, ರಕ್ತ ತುಂಬಿದರೆ ದೇಹ ತೊಡೆ ಸ್ನಾಯುವಿನ ಫ್ಯೂಸ್ ತೆಗೆದುಬಿಡುತ್ತೆ. ನಾವು ಬೇಕು ಅಂದರೂ ಅದು ಪೂರ್ತಿ ಬಿಗಿಯಾಗಲ್ಲ. ಜೊತೆಗೆ ಕೆಲಸವಿಲ್ಲದ ಸ್ನಾಯು ಬಹಳ ಬೇಗ ಸೊರಗುತ್ತೆ. ಚಿಕ್ಕಮ್ಮ ಬ್ಲೌಸ್ ಹೊಲಿಯುವವರು. ಆರನೇ ವಾರ ಅವರದೇ ಟೇಪ್ ಹಿಡಿದು ಎರಡೂ ತೊಡೆ ಅಳೆದೆವು. ಚಿಪ್ಪಿನಿಂದ ಒಂದು ಗೇಣು ಮೇಲೆ, ಬಲತೊಡೆ ಎಡಕ್ಕಿಂತ ಮೂರು ಸೆಂಟಿಮೀಟರ್ ಸಣ್ಣ. "ಒಂದು ಟಕ್ಸ್ ಹಿಡಿದ ಹಾಗಾಗಿದೆ ಕಣೋ" ಅಂದರು. ಮೂಳೆ ಕೂಡಿಸಿದ್ದು ಒಂದೂವರೆ ಗಂಟೆ. ಈ ಮೂರು ಸೆಂಟಿಮೀಟರ್ ವಾಪಸ್ ತರೋಕೆ ಅರ್ಧ ವರ್ಷಕ್ಕಿಂತ ಜಾಸ್ತಿ ಹಿಡಿಯಿತು. ಆಪರೇಷನ್‌ಗೆ ಸಾಲ ಮಾಡಿ ದೊಡ್ಡ ಆಸ್ಪತ್ರೆಗೆ ಹೋಗಿ, ಆಮೇಲೆ ಫಿಸಿಯೋಥೆರಪಿ ಅಂದರೆ ಸುಮ್ನೆ ದುಡ್ಡು ದಂಡ ಅನ್ನುವವರನ್ನು ಕಂಡರೆ ಈಗ ನನಗೆ ನಿಜಕ್ಕೂ ಸಂಕಟವಾಗುತ್ತೆ.

ನಡೆಸೋದು ಬೇಗ ಶುರು. ಬ್ರೇಸ್‌ನಲ್ಲಿ ಕಾಲು ನೇರ ಲಾಕ್ ಆಗಿರುವಾಗ ತೂಕ ಬಿಟ್ಟರೂ ಚಿಪ್ಪಿಗೆ ಹೊರೆ ಕಡಿಮೆ. ಆ ಮೂರು ಅಂಕಿ ನೆನಪಿದೆಯಲ್ಲ? ಹೊರೆ ಏರೋದು ಕಾಲು ಬಗ್ಗಿಸಿ ತೂಕ ಹಾಕಿದಾಗ. ಹಾಗಾಗಿ ವಾಕರ್ ಹಿಡಿದು ಎರಡನೇ ದಿನವೇ ನಡೆದರು. ಆದರೆ ಬ್ರೇಸ್ ಬಿಚ್ಚಿ ಕುರ್ಚಿಯಿಂದ ಏಳುವಂತಿಲ್ಲ.

ಹೊಲಿಗೆ ಬಿಚ್ಚಿದ್ದು ಎರಡು ವಾರಕ್ಕೆ. ಬಗ್ಗಿಸೋದು ಶುರುವಾದದ್ದೂ ಆಗಲೇ. ಕಟ್ಟು ಎಷ್ಟು ಗಟ್ಟಿಯಾಗಿ ಕೂತಿದೆ ಎಂದು ಗೊತ್ತಿರೋದು ಕಟ್ಟಿದ ಸರ್ಜನ್‌ಗೆ ಮಾತ್ರ. ಅದಕ್ಕೇ ಎಷ್ಟು ಡಿಗ್ರಿ, ಯಾವಾಗ ಅನ್ನೋದು ಒಬ್ಬೊಬ್ಬರಿಗೆ ಒಂದೊಂದು. ಚಿಕ್ಕಮ್ಮನಿಗೆ ಮೊದಲು 30 ಡಿಗ್ರಿ, ಆಮೇಲೆ ವಾರವಾರಕ್ಕೆ ಸ್ವಲ್ಪ ಸ್ವಲ್ಪ, ಆರು ವಾರಕ್ಕೆ 90. ಯೂಟ್ಯೂಬ್ ನೋಡಿ, ಪಕ್ಕದ ಮನೆಯವರ ಲೆಕ್ಕ ಕೇಳಿ ಮುಂದೆ ಓಡಬೇಡಿ. ಹಿಂದೆಯೂ ಉಳಿಯಬೇಡಿ, ಯಾಕಂದರೆ ಬಗ್ಗಿಸದೆ ಬಿಟ್ಟ ಮಂಡಿಯೊಳಗೆ ಪದರಗಳು ಒಂದಕ್ಕೊಂದು ಅಂಟಿಕೊಂಡು ಕಾಲು ಕಟ್ಟಿಗೆಯಾಗುತ್ತೆ.

ಮನೆಯ ಮೊಸಾಯಿಕ್ ನೆಲ ಆಗ ಕೆಲಸಕ್ಕೆ ಬಂತು. ಗೋಡೆಗೆ ಒರಗಿ ಮಂಚದ ಮೇಲೆ ಕೂತು, ಹಿಮ್ಮಡಿ ಕೆಳಗೆ ಒಂದು ಪ್ಲಾಸ್ಟಿಕ್ ಕವರ್. ಅದರ ಮೇಲೆ ಹಿಮ್ಮಡಿಯನ್ನು ತಮ್ಮ ಕಡೆಗೆ ನಿಧಾನ ಜಾರಿಸೋದು. ಮಂಚ ಸರಾಗ ಆದ ಮೇಲೆ ಕುರ್ಚಿಯಲ್ಲಿ ಕೂತು ನೆಲದ ಮೇಲೆ. ಎಲ್ಲಿಗೆ ಹಿಮ್ಮಡಿ ಬಂತೋ ಅಲ್ಲಿ ನಾನು ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದೆ. ಕೆಲವು ದಿನ ಗೆರೆ ಮುಂದೆ ಹೋಗುತ್ತಿರಲಿಲ್ಲ. ಒಂದು ದಿನ ಹಿಂದಕ್ಕೂ ಹೋಯಿತು. ಅವತ್ತು ಚಿಕ್ಕಮ್ಮ ಊಟ ಬಿಟ್ಟರು.

ಎಕ್ಸ್‌ರೇಯಲ್ಲಿ ಮೂಳೆ ಕೂಡಿದ ಗುರುತು ಕಾಣೋದು ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳಿಗೆ. ಬೀಡಿ, ಸಿಗರೇಟು ಸೇದುವವರಿಗೆ, ಸಕ್ಕರೆ ಹತೋಟಿಯಲ್ಲಿ ಇಲ್ಲದವರಿಗೆ ತಡ. ಮೆಟ್ಟಿಲಿಗೆ ಒಂದು ಸುಲಭ ಸೂತ್ರ ಹೇಳಿಕೊಟ್ಟರು: ಹತ್ತುವಾಗ ಒಳ್ಳೇ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಸ್ಕೂಟರ್, ಕಾರು ಓಡಿಸೋದು ಬ್ರೇಸ್ ಕಳಚಿ, ನೋವಿನ ಮಾತ್ರೆ ಬಿಟ್ಟು, ಗಕ್ಕನೆ ಬ್ರೇಕ್ ಒತ್ತುವ ಶಕ್ತಿ ಬಂದ ಮೇಲೆ. ಓಟ, ಆಟ ಅಂದರೆ ನಾಲ್ಕರಿಂದ ಆರು ತಿಂಗಳು, ಕೆಲವರಿಗೆ ಇನ್ನೂ ಜಾಸ್ತಿ.

90 ಡಿಗ್ರಿ ಬಗ್ಗಿದರೆ ಕುರ್ಚಿ ಜೀವನ ನಡೆಯುತ್ತೆ. ನಮ್ಮ ಜೀವನ ಕುರ್ಚಿಯದ್ದಷ್ಟೇ ಅಲ್ಲವಲ್ಲ. ಚಕ್ಕಳಮಕ್ಕಳ ಹಾಕಿ ಕೂರೋಕೆ, ಈಳಿಗೆಮಣೆ ಮುಂದೆ ಕೂರೋಕೆ, ಇಂಡಿಯನ್ ಟಾಯ್ಲೆಟ್‌ಗೆ 110ರಿಂದ ಮೇಲೆ ಬೇಕು. ಎಲ್ಲರಿಗೂ ಅದು ವಾಪಸ್ ಬರಲ್ಲ. ಬಂದರೂ ಆ ಏಳು ಪಟ್ಟು ಒತ್ತಡ ನೆನಪಿರಲಿ. ನಾವು ಟಾಯ್ಲೆಟ್ ಮೇಲೆ ಇಡುವ ಕಮೋಡ್ ಕುರ್ಚಿ ತಂದೆವು. ಮೊದಲು ನಾಚಿಕೊಂಡ ಚಿಕ್ಕಮ್ಮ, ಈಗ ಅದನ್ನು ಯಾರಿಗೂ ಕೊಡಲ್ಲ ಅಂತಾರೆ.

ಗಾಬರಿಯಾಗಬೇಕಾದ ಹೊತ್ತು ಬೇರೆ. ಜ್ವರ ಬಂದು ಗಾಯ ಕೆಂಪಾಗಿ ಒಸರಿದರೆ ಸೋಂಕು ಇರಬಹುದು. ಮೀನಖಂಡ ಊದಿ ಬಿಗಿದು ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಅದರ ಜೊತೆ ಉಸಿರು ಕಟ್ಟಿದರೆ, ಎದೆ ನೋವು ಬಂದರೆ ತಕ್ಷಣ ಎಮರ್ಜೆನ್ಸಿಗೆ. ಜಾರಿದಾಗ ಟಕ್ ಎಂದು ಸದ್ದಾಗಿ, ನಿನ್ನೆ ತನಕ ಎತ್ತುತ್ತಿದ್ದ ಕಾಲು ಇವತ್ತು ಏಳದೆ ಹೋದರೆ ಕಟ್ಟು ಬಿಟ್ಟಿರಬಹುದು. ಇವಕ್ಕೆ ಮುಂದಿನ ತಪಾಸಣೆಯ ದಿನ ಕಾಯಬಾರದು. ಗಾಯದ ಹೊರ ಪಕ್ಕದಲ್ಲಿ ಅಂಗೈ ಅಗಲ ಚರ್ಮ ಮರಗಟ್ಟಿದ ಹಾಗಿರೋದು ಮಾತ್ರ ಮಾಮೂಲು. ಚರ್ಮದ ಸಣ್ಣ ನರ ಅಲ್ಲೇ ಹಾದುಹೋಗುತ್ತೆ, ಕೊಯ್ಯುವಾಗ ತಪ್ಪಿಸೋದು ಕಷ್ಟ. ವರ್ಷಗಳ ಮೇಲೆ ಕೆಲವರಿಗೆ ಮಂಡಿ ಸವೆತ ಬೇಗ ಬರುತ್ತೆ, ಹಿಂಬದಿಯ ನುಣುಪು ಕೆಟ್ಟಿದ್ದವರಿಗೆ ಇನ್ನೂ ಬೇಗ.

ತಂತಿ ತೆಗೆಸಬೇಕಾ?

ಇದು ಎಲ್ಲರೂ ಕೇಳುವ ಪ್ರಶ್ನೆ. ಮೂಳೆ ಕೂಡಿದ ಮೇಲೆ ತಂತಿಗೆ ಕೆಲಸ ಇಲ್ಲ. ತೊಂದರೆ ಕೊಡದಿದ್ದರೆ ಜೀವನಪೂರ್ತಿ ಒಳಗೇ ಇರಬಹುದು. ಆದರೆ ಮಂಡಿಯ ಮುಂದೆ ಮಾಂಸವಿಲ್ಲ ಅಂದೆನಲ್ಲ, ಕಡ್ಡಿಯ ತುದಿ ಚರ್ಮದ ಕೆಳಗೇ ಸಿಗುತ್ತೆ. ಈ ಆಪರೇಷನ್‌ನಲ್ಲಿ ಜನರನ್ನು ಮತ್ತೆ ಟೇಬಲ್ ಹತ್ತಿಸುವ ದೊಡ್ಡ ಕಾರಣ ಇದೇ. ಲೋಹದ ಬದಲು ಗಟ್ಟಿ ದಾರ ಬಳಸುವ ಪ್ರಯತ್ನ ನಡೆಯುತ್ತಿರೋದೂ ಇದಕ್ಕೇ.

ಚಿಕ್ಕಮ್ಮನಿಗೆ ಮಂಡಿಯ ಮೇಲಂಚಿನಲ್ಲಿ ಅಕ್ಕಿಕಾಳಿನಷ್ಟು ಒಂದು ಗಂಟು. ದೇವರ ಮುಂದೆ ಮಂಡಿಯೂರಿದರೆ ಸೂಜಿ ಚುಚ್ಚಿದ ಹಾಗೆ. ಚಳಿಗೆ ಇನ್ನೂ ಜಾಸ್ತಿ. ವರ್ಷ ತುಂಬಲಿ, ಎಕ್ಸ್‌ರೇಯಲ್ಲಿ ಪೂರ್ತಿ ಕೂಡಿದ್ದು ಕಾಣಲಿ ಎಂದು ಕಾಯಿಸಿದರು. ಹದಿನಾಲ್ಕನೇ ತಿಂಗಳಲ್ಲಿ ತೆಗೆದರು. ಇದು ಚಿಕ್ಕ ಆಪರೇಷನ್. ಕಡ್ಡಿ ಇದ್ದ ಜಾಗದ ತೂತು ತುಂಬುವ ತನಕ ಕೆಲವು ವಾರ ಬೀಳದಂತೆ ಹುಷಾರಾಗಿರಬೇಕು, ಅಷ್ಟೇ. ಸಂಜೆ ಡಾಕ್ಟರು ರೌಂಡ್ಸ್‌ಗೆ ಬಂದು ಅದೇ ಹಳೇ ಮಾತು ಹೇಳಿದರು, "ಅಮ್ಮಾ, ಕಾಲು ಎತ್ತಿ ನೋಡೋಣ." ಎತ್ತಿದರು.

ನರ್ಸ್ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ತಂತಿ ಹಾಕಿ ಕೊಟ್ಟರು. ಎರಡು ಕಡ್ಡಿ, ಒಂದು ಸ್ವಲ್ಪ ಸೊಟ್ಟಗಾಗಿತ್ತು. ಮುರಿದ 8ರ ಎರಡು ಚೂರು. ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಡಬ್ಬಿ ಅಲ್ಲಾಡಿಸಿ, "ಹೂಂ, ಕೊಕ್ಕೆ ಕಡ್ಡಿಯಷ್ಟೂ ಇಲ್ವಲ್ಲೋ ಇದು" ಅಂದರು. ಈಗ ಅದು ಅವರ ಹೊಲಿಗೆ ಮಷೀನಿನ ಡ್ರಾಯರ್‌ನಲ್ಲಿ, ಬಾಬಿನ್‌ಗಳ ಪಕ್ಕ ಇದೆ.